ಬಿರಿದ ಹಲಗೆ ಕಲಿಸಿದ ಬಡಿಗತನದ ಇತಿಹಾಸ

ಮಗಳು ನೆಲದ ಮೇಲೆ ಕುಳಿತು ಬರೆಯಲು ಅನುಕೂಲವಾಗಲೆಂದು ಒಂದು ತಗ್ಗು ಡೆಸ್ಕನ್ನು ನಾನೇ ಮಾಡಬೇಕೆಂಬ ಹುಮ್ಮಸ್ಸು ಎರಡು ವರ್ಷಗಳ ಹಿಂದೆ ನನ್ನಲ್ಲಿ ಮೂಡಿತು. ಆಗ ಆಗಸ್ಟ್ ತಿಂಗಳು. ಗೋಕಾಕದ ಕಟ್ಟಿಗೆ ಅಡ್ಡೆಯಿಂದ ಎರಡು ಬೇವಿನ ಹಲಗೆ ತಂದೆ. ಗರಗಸ, ಉಳಿ, ಕೊಡತಿಗಳನ್ನು ಕೊಂಡೆ. ಹಲಗೆಗಳನ್ನು ಅಂಟು ಹಾಕಿ ಜೋಡಿಸಿ, ಕೆಳಗೆ ಎರಡು ಅಡ್ಡಪಟ್ಟಿಗಳನ್ನಿಟ್ಟು, ಸಡಿಲವಾಗಬಾರದೆಂದು ಹನ್ನೆರಡು ಸ್ಕ್ರೂಗಳಿಂದ ಬಿಗಿದೆ. ಮನೆಗೆ ಬಂದವರೆಲ್ಲ ಮೆಚ್ಚಿದರು. ಮುಂದಿನ ಮಾರ್ಚ್ ಕೊನೆಯ ಒಂದು ಮಧ್ಯಾಹ್ನ 'ಟಪ್' ಎಂಬ ಸದ್ದು ಕೇಳಿತು. ನೋಡಿದರೆ ಡೆಸ್ಕಿನ ಮೇಲ್ಭಾಗ ಉದ್ದಕ್ಕೂ ಬಿರಿದಿತ್ತು. ಬಿರುಕಿನೊಳಗೆ ಒಂದು ನಾಣ್ಯ ಸಲೀಸಾಗಿ ಹೋಗುತ್ತಿತ್ತು.

ಮೂಡಲಗಿ ಕಡೆಯ ಹಿರಿಯ ಬಡಿಗೇರರೊಬ್ಬರಿಗೆ ಅದನ್ನು ತೋರಿಸಿದೆ. ಅವರು ಡೆಸ್ಕನ್ನು ಬೋರಲು ಹಾಕಿ, ಸ್ಕ್ರೂಗಳನ್ನು ಎಣಿಸಿ ನಕ್ಕರು. "ಮಾಸ್ತರ, ಹಲಗಿ ಬಿಗದ ಬಿಟ್ಟೀರಿ. ಅದಕ್ಕ ಆಡಾಕ ಜಾಗಾ ಎಲ್ಲೈತ್ರಿ?" ಎಂದರು. ಕಡಿದು ಒಣಗಿಸಿದ ಕಟ್ಟಿಗೆ ಆಡುತ್ತದೆಯೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನಮ್ಮ ಭಾಗದ ಬಡಿಗತನದ ಇತಿಹಾಸವೇ ತೆರೆದುಕೊಂಡಿತು.

ಕಟ್ಟಿಗೆಯೊಳಗಿನ ನೀರು

ಮರವು ಉದ್ದನೆಯ ಸೂಕ್ಷ್ಮ ನಾಳಗಳ ಕಟ್ಟು. ನಾಳಗಳ ಗೋಡೆ ಬಹುಪಾಲು ಸೆಲ್ಯುಲೋಸ್‌ನಿಂದ ಆದದ್ದು. ಮರ ಕಡಿದಾಗ ಮೊದಲು ನಾಳಗಳ ಪೊಳ್ಳಿನಲ್ಲಿರುವ ನೀರು ಹೋಗುತ್ತದೆ. ಆಗ ತೂಕ ಇಳಿಯುತ್ತದೆಯೇ ಹೊರತು ಗಾತ್ರ ಬದಲಾಗುವುದಿಲ್ಲ. ತೇವಾಂಶ ಶೇಕಡ 30ರ ಆಸುಪಾಸಿಗೆ ಇಳಿದ ಮೇಲೆ ಗೋಡೆಗಳೊಳಗಿನ ನೀರು ಹೊರಬೀಳಲು ತೊಡಗುತ್ತದೆ. ಗೋಡೆಗಳು ಕುಗ್ಗುತ್ತವೆ, ಅವುಗಳೊಡನೆ ಹಲಗೆಯೂ ಕುಗ್ಗುತ್ತದೆ.

ಈ ಕುಗ್ಗುವಿಕೆ ಎಲ್ಲ ದಿಕ್ಕಿನಲ್ಲೂ ಒಂದೇ ಅಲ್ಲ. ಹಸಿ ಸಾಗವಾನಿಯನ್ನು ಪೂರ್ತಿ ಒಣಗಿಸಿದರೆ ವಾರ್ಷಿಕ ಉಂಗುರಗಳ ಗುಂಟ ಅದು ಸುಮಾರು ಶೇಕಡ 5.8ರಷ್ಟು ಕುಗ್ಗುತ್ತದೆ. ತಿರುಳಿನಿಂದ ತೊಗಟೆಯ ದಿಕ್ಕಿನಲ್ಲಿ ಕುಗ್ಗುವುದು ಸುಮಾರು ಶೇಕಡ 2.5 ಮಾತ್ರ. ಎಳೆಯ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಸಾಗವಾನಿಯಾದರೂ ಕಡಿಮೆ ಆಡುವ ಮರಗಳಲ್ಲೊಂದು.

ಒಣಗಿದ ಮೇಲೂ ಕಟ್ಟಿಗೆ ಗಾಳಿಯೊಡನೆ ನೀರಿನ ಕೊಡು-ಕೊಳು ಮಾಡುತ್ತಲೇ ಇರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 80 ಇದ್ದರೆ ಕಟ್ಟಿಗೆಯ ತೇವಾಂಶ ಸುಮಾರು ಶೇಕಡ 16ಕ್ಕೆ ಬಂದು ನಿಲ್ಲುತ್ತದೆ. ಆರ್ದ್ರತೆ ಶೇಕಡ 30ಕ್ಕೆ ಇಳಿದರೆ ತೇವಾಂಶ ಸುಮಾರು ಶೇಕಡ 6ಕ್ಕೆ ಇಳಿಯುತ್ತದೆ. ಗೋಕಾಕದ ಶ್ರಾವಣವನ್ನೂ ಏಪ್ರಿಲ್ ಬಿಸಿಲನ್ನೂ ಕಂಡವರಿಗೆ ಈ ಎರಡು ಅಂಕಿಗಳು ದೂರದವೆನಿಸವು. 450 ಮಿಲಿಮೀಟರ್ ಅಗಲದ ಸಾಗವಾನಿ ಹಲಗೆ ಈ ಎರಡು ಸ್ಥಿತಿಗಳ ನಡುವೆ ಉಂಗುರಗಳ ದಿಕ್ಕಿನಲ್ಲಿ 8 ಮಿಲಿಮೀಟರಿಗೂ ಹೆಚ್ಚು ಕುಗ್ಗಬಲ್ಲುದು. ಇದರ ಅರ್ಧದಷ್ಟಾದರೂ ನನ್ನ ಡೆಸ್ಕಿಗೆ ಸಾಕಾಗಿತ್ತು. ಅಡ್ಡಪಟ್ಟಿಗಳ ಎಳೆ ಹಲಗೆಯ ಅಗಲಕ್ಕೆ ಚಾಚಿದ್ದರಿಂದ ಅವು ಕುಗ್ಗಲಿಲ್ಲ. ಹಲಗೆ ಕುಗ್ಗಲು ಹೊರಟಿತು, ಸ್ಕ್ರೂಗಳು ಬಿಡಲಿಲ್ಲ. ಹಲಗೆಗೆ ಬಿರಿಯದೆ ಬೇರೆ ದಾರಿ ಇರಲಿಲ್ಲ.

ಸಾವಿರಾರು ವರ್ಷಗಳ ಜೋಡಣೆ

ಈ ಸಮಸ್ಯೆ ಮನುಷ್ಯನಷ್ಟೇ ಹಳೆಯದು ಎನ್ನಬಹುದು. ಆಫ್ರಿಕದ ಜಾಂಬಿಯಾದ ಕಲಾಂಬೊ ಜಲಪಾತದ ಬಳಿ ಒಂದರ ಮೇಲೊಂದು ಕೂರುವಂತೆ ಕಚ್ಚು ಕೊರೆದ ಎರಡು ದಿಮ್ಮಿಗಳು ದೊರೆತಿವೆ. ಅವು ಸುಮಾರು 4,76,000 ವರ್ಷ ಹಳೆಯವೆಂದು 2023ರಲ್ಲಿ ಪ್ರಕಟವಾಯಿತು. ನಮ್ಮ ಜಾತಿಯ ಮಾನವ ಹುಟ್ಟುವುದಕ್ಕೂ ಮುಂಚಿನ ಕೆಲಸವಿದು. ಜರ್ಮನಿಯ ಲೈಪ್‌ಜಿಗ್ ಬಳಿಯ ನವಶಿಲಾಯುಗದ ಬಾವಿಗಳಲ್ಲಿ ಓಕ್ ಮರದ ಚೌಕಟ್ಟುಗಳಿವೆ. ಒಂದು ತೊಲೆಯ ತುದಿಯನ್ನು ನಾಲಿಗೆಯಂತೆ ತೆಳುಮಾಡಿ, ಇನ್ನೊಂದರಲ್ಲಿ ಕೊರೆದ ಚೌಕ ತೂತಿಗೆ ಸೇರಿಸಿ, ಬೆಣೆ ಹೊಡೆದು ಬಿಗಿದ ಜೋಡಣೆ ಅಲ್ಲಿ ಕಾಣುತ್ತದೆ. ಅದಕ್ಕೆ ಏಳು ಸಾವಿರಕ್ಕೂ ಹೆಚ್ಚು ವರ್ಷಗಳಾಗಿವೆ. ಆಗ ಲೋಹದ ಉಪಕರಣವೇ ಇರಲಿಲ್ಲ.

ನಮ್ಮಲ್ಲಿ ಹಳೆಯ ಕಟ್ಟಿಗೆ ಕೆಲಸ ಮಳೆಗೆ, ಗೆದ್ದಲಿಗೆ ಉಳಿದಿಲ್ಲ. ಆದರೆ ಅದರ ನೆರಳು ಕಲ್ಲಿನಲ್ಲಿ ಉಳಿದಿದೆ. ಸಾಂಚಿಯ ಸ್ತೂಪದ ಸುತ್ತಲಿನ ಕಲ್ಲಿನ ಬೇಲಿಯಲ್ಲಿ ಅಡ್ಡಪಟ್ಟಿಗಳು ಕಂಬಗಳ ತೂತುಗಳಲ್ಲಿ ಸೇರಿಕೊಂಡಿರುವುದು ಥೇಟ್ ಬಡಿಗರ ರೀತಿಯಲ್ಲಿ. ಅಷ್ಟು ದೂರ ಹೋಗುವುದೂ ಬೇಡ. ಐಹೊಳೆಯ ಲಾಡಖಾನ ಗುಡಿಯ ಚಾವಣಿಯನ್ನು ನೋಡಿ. ಇಳಿಜಾರಾಗಿ ಹಾಸಿದ ಚಪ್ಪಡಿಗಳ ಸಂದುಗಳ ಮೇಲೆ ಉದ್ದನೆಯ ಕಲ್ಲಿನ ಪಟ್ಟಿಗಳಿವೆ. ಕಟ್ಟಿಗೆಯ ಚಾವಣಿಯಲ್ಲಿ ಸಂದು ಮುಚ್ಚಲು ಪಟ್ಟಿ ಇಡುವ ರೂಢಿಯನ್ನು ಕಲ್ಲುಕುಟಿಗ ಕಲ್ಲಿಗೆ ತಂದಿದ್ದಾನೆ.

ಇಂಥ ಜೋಡಣೆಗಳ ಜಾಣತನ ಇರುವುದು ಬಿಗಿತದಲ್ಲಿ ಮಾತ್ರವಲ್ಲ. ಹಳೆಯ ವಾಡೆಯ ಬಾಗಿಲನ್ನು ಹತ್ತಿರದಿಂದ ಗಮನಿಸಿ. ಸುತ್ತಲಿನ ಚೌಕಟ್ಟು ನಾಲಿಗೆ-ತೂತಿನ ಬಿಗಿ ಜೋಡಣೆ. ನಡುವಿನ ಹಲಗೆಗೆ ಮಾತ್ರ ಮೊಳೆಯೂ ಇಲ್ಲ, ಅಂಟೂ ಇಲ್ಲ. ಚೌಕಟ್ಟಿನ ಒಳ ಅಂಚಿನಲ್ಲಿ ಕೊರೆದ ಸಣ್ಣ ಕಾಲುವೆಯಲ್ಲಿ ಅದು ಸುಮ್ಮನೆ ಕುಳಿತಿರುತ್ತದೆ. ಮಳೆಗಾಲದಲ್ಲಿ ಹಿಗ್ಗಿದರೂ ಬೇಸಿಗೆಯಲ್ಲಿ ಕುಗ್ಗಿದರೂ ಬಾಗಿಲ ಅಳತೆ ಕೆಡುವುದಿಲ್ಲ. ಸೆಲ್ಯುಲೋಸ್‌ನ ಹೆಸರು ಕೇಳದವರು ಅದರ ಸ್ವಭಾವಕ್ಕೆ ಜಾಗ ಬಿಟ್ಟಿದ್ದರು.

ಆಯದ ಕಾಲ

ಆದರೆ ನಮ್ಮ ಬಡಿಗರ ಮುಖ್ಯ ಕೆಲಸ ಪೀಠೋಪಕರಣವಾಗಿರಲಿಲ್ಲ. ಭಾಷೆಯೇ ಇದಕ್ಕೆ ಸಾಕ್ಷಿ. ಮಣೆ, ತೊಟ್ಟಿಲು ನಮ್ಮವೇ ಶಬ್ದಗಳು. ಕುರ್ಚಿ ಎಂಬುದು ಅರಬ್ಬಿಯಿಂದ, ಅಲಮಾರು ಪೋರ್ಚುಗೀಸಿನಿಂದ ಬಂದವು. ವಸ್ತುಗಳ ಜೊತೆಗೇ ಹೆಸರೂ ಬಂದಿತು. ನೆಲದ ಮೇಲೆ ಕೂರುವ, ಚಾಪೆಯ ಮೇಲೆ ಮಲಗುವ ಮನೆಗಳಲ್ಲಿ ಬಡಿಗನಿಗೆ ಕೆಲಸ ಕೊಟ್ಟದ್ದು ಹೊಲ.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳ್ಳಿಗಳಲ್ಲಿ ಬಡಿಗ ಆಯಗಾರರಲ್ಲೊಬ್ಬ. ವರ್ಷವಿಡೀ ರೈತರ ರಂಟೆ, ಕುಂಟೆ, ಕೂರಿಗೆಗಳನ್ನು ದುರಸ್ತಿ ಮಾಡಿಕೊಟ್ಟು, ಸುಗ್ಗಿಯಲ್ಲಿ ಕಣದಿಂದ ಕಾಳು ಪಡೆಯುತ್ತಿದ್ದ. ಈ ಪದ್ಧತಿಯಲ್ಲಿ ಜಾತಿಯ ಕಟ್ಟು ಇತ್ತು. ಬಡಿಗನ ಮಗ ಬಡಿಗನೇ ಆಗಬೇಕಿತ್ತು, ಬೇರೆಯವರು ಕಲಿಯುವಂತಿರಲಿಲ್ಲ. ಆದರೆ ತಾನು ಮಾಡಿದ ವಸ್ತುವನ್ನು ತಾನೇ ವರ್ಷಗಟ್ಟಲೆ ರಿಪೇರಿ ಮಾಡಬೇಕಾದವನು ಕಟ್ಟಿಗೆ ಎಲ್ಲಿ ಸೋಲುತ್ತದೆಂಬುದನ್ನು ಚೆನ್ನಾಗಿ ಕಲಿಯುತ್ತಿದ್ದ.

ಕೂರಿಗೆಯನ್ನೇ ತೆಗೆದುಕೊಳ್ಳಿ. ಮೇಲಿನ ಬಟ್ಟಲಿಗೆ ಹಾಕಿದ ಬೀಜ ತೂತುಗಳ ಮೂಲಕ ಬಿದಿರಿನ ಕೊಳವೆಗಳಿಗೆ ಇಳಿದು, ಸಮ ಅಂತರದ ಸಾಲುಗಳಲ್ಲಿ ಬೀಳುತ್ತದೆ. ಸಾಲುಬಿತ್ತನೆಯ ಯಂತ್ರ ಯೂರೋಪಿನ ಇತ್ತೀಚಿನ ಶೋಧವೆಂದು ನಂಬಿದ್ದ ಥಾಮಸ್ ಹಾಲ್ಕಾಟ್ ಎಂಬ ಬ್ರಿಟಿಷ್ ಅಧಿಕಾರಿ, 18ನೇ ಶತಮಾನದ ಕೊನೆಯಲ್ಲಿ ದಕ್ಷಿಣ ಭಾರತದ ರೈತರು ಅದನ್ನು ಬಹುಕಾಲದಿಂದ ಬಳಸುತ್ತಿರುವುದನ್ನು ಕಂಡು ಬೆರಗಾಗಿ ಬರೆದಿದ್ದಾನೆ.

ಎತ್ತಿನ ಗಾಡಿಯ ಗಾಲಿ ಇನ್ನೂ ದೊಡ್ಡ ಪಾಠ. ನಡುವಿನ ಗುಂಬ, ಅದರಿಂದ ಹೊರಟ ಅರಗಳು, ಸುತ್ತಲಿನ ಬಾಗಿದ ತುಂಡುಗಳು ಎಲ್ಲವೂ ಜಾಲಿಯಂಥ ಗಟ್ಟಿ ಕಟ್ಟಿಗೆಯವು. ಇವನ್ನೆಲ್ಲ ಹಿಡಿದಿಡುವುದು ಕಬ್ಬಿಣದ ಹಳಿ. ಹಳಿಯನ್ನು ಗಾಲಿಗಿಂತ ತುಸು ಚಿಕ್ಕದಾಗಿ ಮಾಡಿ, ಕೆಂಪಗೆ ಕಾಯಿಸಿ, ಕೂರಿಸಿ, ನೀರು ಹಾಕುತ್ತಾರೆ. ಕಬ್ಬಿಣ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಭಾಗ ಹಿಗ್ಗುತ್ತದೆ. 1.4 ಮೀಟರ್ ವ್ಯಾಸದ ಹಳಿಯನ್ನು 500 ಡಿಗ್ರಿಯಷ್ಟು ಕಾಯಿಸಿದರೆ ವ್ಯಾಸ ಸುಮಾರು 8 ಮಿಲಿಮೀಟರ್ ಹೆಚ್ಚುತ್ತದೆ. ತಣಿದಾಗ ಅದೇ 8 ಮಿಲಿಮೀಟರ್ ಇಡೀ ಗಾಲಿಯನ್ನು ಹಿಂಡಿ ಒಂದುಗೂಡಿಸುತ್ತದೆ. ಬೇಸಿಗೆಯಲ್ಲಿ ಕಟ್ಟಿಗೆ ಕುಗ್ಗಿ ಹಳಿ ಸಡಿಲಾದರೆ ರೈತರು ಗಾಲಿಯನ್ನು ನೀರಿನಲ್ಲಿ ನೆನೆಹಾಕುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ನನ್ನ ಡೆಸ್ಕನ್ನು ಸೀಳಿದ ಗುಣವನ್ನೇ ಅವರು ಗಾಲಿ ಬಿಗಿಯಲು ಬಳಸುತ್ತಿದ್ದರು.

ಗೋಕಾಕದ ಮರದ ಹಣ್ಣುಗಳು

ಗೋಕಾಕ ಎಂದೊಡನೆ ಈಗ ಕರದಂಟು ನೆನಪಾಗುತ್ತದೆ. ಬ್ರಿಟಿಷರ ಕಾಲದ ಗೆಜೆಟಿಯರುಗಳು ಈ ಊರಿನ ಬಗ್ಗೆ ಹೇಳುವಾಗ ಗೊಂಬೆಗಳನ್ನು ಹೆಸರಿಸುತ್ತವೆ. ಹಗುರ ಕಟ್ಟಿಗೆಯಿಂದ ಮತ್ತು ಒಂದು ವಿಶಿಷ್ಟ ಬಗೆಯ ಮಣ್ಣಿನಿಂದ ಮಾಡಿದ ಮನುಷ್ಯಾಕೃತಿಗಳು, ಹಣ್ಣುಗಳು ಇಲ್ಲಿ ಸಾಕಷ್ಟು ಮಾರಾಟವಾಗುತ್ತಿದ್ದವು.

ಗೊಂಬೆಗೆ ಹಗುರ ಕಟ್ಟಿಗೆಯೇ ಏಕೆ? ಕೆತ್ತಲು ಸುಲಭ ಎಂಬುದು ಒಂದು ಕಾರಣ. ಇನ್ನೊಂದೂ ಇದೆ. ಸಾಮಾನ್ಯವಾಗಿ ಸಾಂದ್ರತೆ ಕಡಿಮೆ ಇರುವ ಮರ ಕುಗ್ಗುವುದೂ ಕಡಿಮೆ. ಕಟ್ಟಿಗೆ ಹೆಚ್ಚು ಕುಗ್ಗಿದರೆ ಮೇಲಿನ ಬಣ್ಣದ ಪದರ ಬಿರಿಯುತ್ತದೆ. ಹೀಗೆ ಒಂದೇ ಸೀಮೆಯಲ್ಲಿ ಭಾರ ಹೊರುವ ಗಾಡಿಗೆ ಜಾಲಿ, ಬಣ್ಣ ಹೊರುವ ಗೊಂಬೆಗೆ ಹಗುರ ಕಟ್ಟಿಗೆ ಎಂಬ ಆಯ್ಕೆ ನೆಲೆಗೊಂಡಿತ್ತು. ಚನ್ನಪಟ್ಟಣದಲ್ಲಿ ಆಲೆ ಮರವನ್ನು ಆರಿಸಿಕೊಂಡದ್ದರ ಹಿಂದೆಯೂ ಇಂಥದೇ ಅನುಭವವಿದೆ.

ಜಲಪಾತ, ವಿದ್ಯುತ್ತು, ಪ್ಲೈವುಡ್

ಬದಲಾವಣೆ ಘಟಪ್ರಭೆಯ ದಡದಿಂದಲೇ ಶುರುವಾಯಿತು. 1885ರಲ್ಲಿ ಸ್ಥಾಪನೆಯಾದ ಕಂಪನಿಯೊಂದು ಗೋಕಾಕ ಜಲಪಾತದ ನೀರಿನ ಶಕ್ತಿಯಿಂದ 1887ರಲ್ಲಿ ನೂಲಿನ ಗಿರಣಿ ನಡೆಸತೊಡಗಿತು. 1897ರಲ್ಲಿ ಧೂಪದಾಳದ ಒಡ್ಡು ಪೂರ್ಣಗೊಂಡಿತು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ 1970ರ ದಶಕದಲ್ಲಿ ಮುಗಿದು ಕಾಲುವೆಗಳು ಹರಡಿದವು. ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು. ಕಬ್ಬಿನ ಹಿಂದೆ ಟ್ರ್ಯಾಕ್ಟರ್ ಬಂದಿತು. 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹಳ್ಳಿಗಳಿಗೆ ವಿದ್ಯುತ್ತು ತಂದಿತು. ವಿದ್ಯುತ್ತಿನೊಡನೆ ವೆಲ್ಡಿಂಗ್ ಅಂಗಡಿಗಳು ಬಂದವು. ಕುಂಟೆ, ಕೂರಿಗೆಗಳು ಕಬ್ಬಿಣದವಾದವು, ಗಾಡಿಗೆ ರಬ್ಬರ್ ಟೈರು ಬಂದಿತು.

ಇದರಿಂದ ರೈತರಿಗೆ ಒಳಿತಾಯಿತೆಂಬುದರಲ್ಲಿ ಅನುಮಾನವಿಲ್ಲ. ಆದರೆ ಆಯ ನಿಂತಿತು. ಬಡಿಗರು ಬಾಗಿಲು, ಕಿಟಕಿ, ಮಂಚಗಳತ್ತ ತಿರುಗಿದರು. ಅಲ್ಲಿಗೆ ಪ್ಲೈವುಡ್ ಬಂದಿತು. ತೆಳು ಪದರಗಳನ್ನು ಒಂದರ ಎಳೆ ಇನ್ನೊಂದಕ್ಕೆ ಅಡ್ಡ ಬರುವಂತೆ ಅಂಟಿಸಿದರೆ ಒಂದು ಪದರ ಇನ್ನೊಂದನ್ನು ಕುಗ್ಗಲು ಬಿಡುವುದಿಲ್ಲ. ನಾಲಿಗೆ, ತೂತು, ಕಾಲುವೆಗಳಿಂದ ಬಡಿಗರು ನಿಭಾಯಿಸುತ್ತಿದ್ದ ಸಮಸ್ಯೆಯನ್ನು ಕಾರ್ಖಾನೆ ಹಾಳೆಯೊಳಗೇ ಬಗೆಹರಿಸಿತು. ಬಿರುಕಿನ ಭಯ ಹೋಯಿತು, ಅದರೊಡನೆ ಜೋಡಣೆಯ ಜ್ಞಾನಕ್ಕೂ ಕೆಲಸ ಇಲ್ಲವಾಯಿತು. ನನ್ನ ಡೆಸ್ಕು ನೋಡಿ ನಕ್ಕ ಹಿರಿಯರ ಮನೆಯಲ್ಲಿ ಈಗ ಉಳಿ ಹಿಡಿಯುವವರು ಯಾರೂ ಇಲ್ಲ.

ಹವ್ಯಾಸಿಯ ಪಾಲು

ಕಸುಬಿನ ಮನೆಯಲ್ಲಿ ಹುಟ್ಟದವರು ಬಡಿಗತನ ಕಲಿಯುವುದಕ್ಕೂ ಒಂದು ಇತಿಹಾಸವಿದೆ. ಇಂಗ್ಲೆಂಡಿನ ಜೋಸೆಫ್ ಮಾಕ್ಸನ್ ಬಡಿಗನಲ್ಲ, ಮುದ್ರಕ ಮತ್ತು ಭೂಗೋಳಗಳ ತಯಾರಕ. 1677ರ ಹೊತ್ತಿಗೆ ಅವನು ಕಮ್ಮಾರಿಕೆ, ಬಡಿಗತನಗಳ ಕೈಚಳಕವನ್ನು ಕಂತುಗಳಲ್ಲಿ ಅಚ್ಚು ಹಾಕಿಸತೊಡಗಿದ. ಬಾಯಿಂದ ಬಾಯಿಗೆ ಸಾಗುತ್ತಿದ್ದುದು ಓದು ಬಲ್ಲ ಯಾರಿಗಾದರೂ ಸಿಗುವಂತಾಯಿತು. 19ನೇ ಶತಮಾನದಲ್ಲಿ ಫಿನ್ಲೆಂಡ್, ಸ್ವೀಡನ್‌ಗಳ ಶಾಲೆಗಳಲ್ಲಿ ಮರಗೆಲಸ ಸಾಮಾನ್ಯ ಶಿಕ್ಷಣದ ಭಾಗವಾಯಿತು. ಬಡಿಗರನ್ನು ತಯಾರಿಸುವುದು ಅದರ ಉದ್ದೇಶವಾಗಿರಲಿಲ್ಲ. ಕೈ, ಕಣ್ಣು, ತಾಳ್ಮೆಗಳನ್ನು ಪಳಗಿಸುವುದು ಉದ್ದೇಶವಾಗಿತ್ತು.

ನಮ್ಮಲ್ಲಿ ಈ ವಿಚಾರಕ್ಕೆ ಬಲ ಬಂದದ್ದು 1937ರಲ್ಲಿ. ಆ ವರ್ಷದ ಏಪ್ರಿಲ್‌ನಲ್ಲಿ ಗಾಂಧೀಜಿ ಬೆಳಗಾವಿ ಬಳಿಯ ಹುದಲಿಯಲ್ಲಿ ಗಾಂಧಿ ಸೇವಾ ಸಂಘದ ಅಧಿವೇಶನಕ್ಕಾಗಿ ತಂಗಿದ್ದರು. ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಮೂಲಶಿಕ್ಷಣದ ಯೋಜನೆ ರೂಪುಗೊಂಡಿತು. ನೂಲುವಿಕೆಯೊಡನೆ ಬಡಿಗತನವೂ ಅದರಲ್ಲಿ ಸೇರಿತ್ತು. ಕಸುಬನ್ನು ಜಾತಿಯಿಂದ ಬಿಡಿಸಿ ಎಲ್ಲ ಮಕ್ಕಳ ಕೈಗೆ ಕೊಡುವ ಆಶಯ ಅಲ್ಲಿತ್ತು. ಯೋಜನೆ ಬಹುಕಾಲ ಬಾಳಲಿಲ್ಲ. ಇತ್ತ ಬೆಂಗಳೂರಿನಲ್ಲಿ 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯ ಆರಂಭವಾಯಿತು. ಅದೇ ಇಂದಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ. ಬಡಿಗರು ಕೈಯಿಂದ ಅರಿತಿದ್ದನ್ನು ಅಳೆದು ದಾಖಲಿಸುವ ಕೆಲಸ ಅಲ್ಲಿ ನಡೆದು ಬಂದಿದೆ. ಆದರೆ ಅಳತೆಯ ಪಟ್ಟಿ ಮತ್ತು ಉಳಿಯ ಕೈ ಒಂದೆಡೆ ಸೇರುವುದು ಅಪರೂಪ.

ಮತ್ತೆ ಅದೇ ಡೆಸ್ಕು

ಹಿರಿಯರು ಹೇಳಿದಂತೆ ಡೆಸ್ಕನ್ನು ಬಿಚ್ಚಿದೆ. ಬಿರುಕು ಬಿಟ್ಟಲ್ಲಿ ಹಲಗೆಯನ್ನು ಉದ್ದಕ್ಕೆ ಕೊಯ್ದು, ಅಂಚುಗಳನ್ನು ಹತ್ತರಿಯಿಂದ ಹೆರೆದು ಮತ್ತೆ ಅಂಟಿಸಿದೆ. ಅಡ್ಡಪಟ್ಟಿಗಳ ನಡುವೆ ಮಾತ್ರ ಬಿಗಿಯಾದ ತೂತು ಇಟ್ಟು, ಎರಡೂ ಬದಿಯ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದ ಮಾಡಿದೆ. ಈಗ ಹಲಗೆ ಕುಗ್ಗಿದರೆ ಸ್ಕ್ರೂ ಜಾರುತ್ತದೆ. ನೀವೂ ಮನೆಯಲ್ಲಿ ಏನಾದರೂ ಮಾಡಲು ಹೊರಟಿದ್ದರೆ ಮೊದಲು ಒಂದು ತುಂಡು ಹಲಗೆಯ ಅಗಲವನ್ನು ಅಳೆದು, ದಿನಾಂಕದೊಡನೆ ಅದರ ಮೇಲೆಯೇ ಬರೆದಿಡಿ. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಮತ್ತೆ ಅಳೆಯಿರಿ. ನಿಮ್ಮೂರಲ್ಲಿ ಹಿರಿಯ ಬಡಿಗರಿದ್ದರೆ ಆ ತುಂಡನ್ನು ಅವರಿಗೂ ತೋರಿಸಿ. ಅವರು ಹೇಳುವುದನ್ನು ಬರೆದುಕೊಳ್ಳಿ.

ನಮ್ಮ ಡೆಸ್ಕಿನ ಅಳತೆಯನ್ನು ಮಗಳೇ ಬರೆದಿಡುತ್ತಿದ್ದಾಳೆ. ಕಳೆದ ಆಗಸ್ಟ್‌ನಿಂದ ಏಪ್ರಿಲ್‌ವರೆಗೆ ಅದು 4 ಮಿಲಿಮೀಟರ್ ಕುಗ್ಗಿತು. ಬಿರುಕು ಬಿಡಲಿಲ್ಲ.