ಧ್ವನಿಮುದ್ರಿಕೆಗಳ ವಿಮರ್ಶೆ ಮತ್ತು ಅಂಕಪದ್ಧತಿ: ಒಂದು ಐತಿಹಾಸಿಕ ಪರಿಶೀಲನೆ

ಕಲೆಗೆ ಅಂಕಗಳನ್ನು ಹಾಕುವ ಪದ್ಧತಿಯು ಇಂದುನಿನ್ನೆಯದಲ್ಲ. 1708ರಲ್ಲಿ ಫ್ರಾನ್ಸಿನ ರೋಜೆ ದ ಪೀಲ್ ಎಂಬ ವಿಮರ್ಶಕನು ತನಗಿಂತ ಹಿಂದಿನ ಪ್ರಸಿದ್ಧ ಚಿತ್ರಕಾರರನ್ನು ಒಂದು ಪಟ್ಟಿಯಲ್ಲಿ ನಿಲ್ಲಿಸಿ, ರಚನೆ, ರೇಖೆ, ವರ್ಣ, ಭಾವ ಎಂಬ ನಾಲ್ಕು ಅಂಗಗಳಿಗೆ ಪ್ರತ್ಯೇಕವಾಗಿ ಅಂಕಗಳನ್ನು ಕೊಟ್ಟನು. ಒಂದೊಂದು ಅಂಗಕ್ಕೂ ಪೂರ್ಣಾಂಕ 20. ರಾಫೆಲನಿಗೂ ರೂಬೆನ್ಸನಿಗೂ ಒಟ್ಟು 65 ದೊರೆತವು. ಮೈಕೆಲೇಂಜೆಲೊವಿಗೆ ದೊರೆತದ್ದು 37, ಅದರಲ್ಲಿ ವರ್ಣಕ್ಕೆ ಕೇವಲ 4. ಈ ಪಟ್ಟಿಯು ಮೈಕೆಲೇಂಜೆಲೊವಿನ ವಿಷಯವಾಗಿ ಇಂದು ನಮಗೆ ಹೆಚ್ಚೇನನ್ನೂ ತಿಳಿಸುವುದಿಲ್ಲ. ಆದರೆ ರೇಖೆ ದೊಡ್ಡದೋ ವರ್ಣ ದೊಡ್ಡದೋ ಎಂದು ಅಂದಿನ ಪ್ಯಾರಿಸ್ಸಿನಲ್ಲಿ ನಡೆದಿದ್ದ ವಾಗ್ವಾದದ ವಿಷಯವಾಗಿಯೂ, ಅದರಲ್ಲಿ ದ ಪೀಲನು ವರ್ಣದ ಪಕ್ಷವನ್ನು ಹಿಡಿದಿದ್ದನೆಂಬ ವಿಷಯವಾಗಿಯೂ ಬಹಳವನ್ನು ತಿಳಿಸುತ್ತದೆ.

ಈ ಹಳೆಯ ಪಟ್ಟಿಯನ್ನು ಇಲ್ಲಿ ನೆನೆಯಲು ಕಾರಣವುಂಟು. ಇಪ್ಪತ್ತನೆಯ ಶತಮಾನದ ಸಾಂಸ್ಕೃತಿಕ ಚರಿತ್ರೆಯನ್ನು ಕುರಿತು ನಮ್ಮ ವಿದ್ಯಾರ್ಥಿಗಳು ಬರೆಯುವ ಪ್ರಬಂಧಗಳಲ್ಲಿ ಪಾಶ್ಚಾತ್ಯ ಸಂಗೀತದ ಆಲ್ಬಂಗಳಿಗೆ ವಿಮರ್ಶಕರು ಕೊಟ್ಟ ನಕ್ಷತ್ರಗಳೂ ಅಂಕಗಳೂ ಈಚೆಗೆ ಆಧಾರಗಳಾಗಿ ಕಾಣಿಸಿಕೊಳ್ಳುತ್ತಿವೆ. ಇಂತಹ ಆಲ್ಬಂ ಐದು ನಕ್ಷತ್ರಗಳನ್ನು ಪಡೆಯಿತು, ಆದುದರಿಂದ ಅದು ಆ ಕಾಲಕ್ಕೆ ಮಾನ್ಯವಾಗಿತ್ತು ಎಂಬ ಬಗೆಯ ತರ್ಕವನ್ನು ನಾವು ಹಲವು ಸಲ ಓದಿದ್ದೇವೆ. ಬರೆಯಿಸಿದವರು ಯಾರು, ಯಾವ ಉದ್ದೇಶದಿಂದ ಬರೆಯಿಸಿದರು ಎಂದು ಕೇಳದೆ ಶಾಸನವನ್ನು ಉಪಯೋಗಿಸಕೂಡದೆಂದು ತರಗತಿಯಲ್ಲಿ ಬೋಧಿಸುವ ನಾವೇ ನಕ್ಷತ್ರಗಳ ವಿಷಯದಲ್ಲಿ ಆ ಪ್ರಶ್ನೆಗಳನ್ನು ಕೇಳುವುದನ್ನು ಮರೆತಿದ್ದೇವೆ.

ಧ್ವನಿಮುದ್ರಿಕೆಗಳ ವಿಮರ್ಶೆಗೆಂದೇ ಮೀಸಲಾದ ಪತ್ರಿಕೆಗಳಲ್ಲಿ ಮುಖ್ಯವಾದದ್ದು 'ದಿ ಗ್ರಾಮಫೋನ್'. ಕಾದಂಬರಿಕಾರ ಕಾಂಪ್ಟನ್ ಮೆಕೆಂಜಿಯು 1923ರ ಏಪ್ರಿಲಿನಲ್ಲಿ ಇಂಗ್ಲೆಂಡಿನಲ್ಲಿ ಇದನ್ನು ಪ್ರಾರಂಭಿಸಿದನು. ಅವನ ಭಾವಮೈದುನ ಕ್ರಿಸ್ಟೊಫರ್ ಸ್ಟೋನನು ಸಂಪಾದನೆಯಲ್ಲಿ ಜೊತೆಗಾರನಾಗಿದ್ದನು. ಅಂದಿನ ಹನ್ನೆರಡಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ನಾಲ್ಕೈದು ನಿಮಿಷಗಳ ಸಂಗೀತ ಮಾತ್ರ ಹಿಡಿಯುತ್ತಿತ್ತು. ಒಂದು ಸಿಂಫನಿಗೆ ಹಲವು ತಟ್ಟೆಗಳು ಬೇಕಾಗುತ್ತಿದ್ದವು. ಅವುಗಳನ್ನು ಇಡಲು ಪುಸ್ತಕದಂತೆ ಕಟ್ಟಿದ ಲಕೋಟೆಗಳ ಕಟ್ಟಿಗೆ ಆಲ್ಬಂ ಎಂಬ ಹೆಸರು ಬಂದಿತು. ವಸ್ತು ಹೋದರೂ ಹೆಸರು ಉಳಿದುಕೊಂಡಿತು. ತಟ್ಟೆಗಳು ದುಬಾರಿ, ಕೊಳ್ಳುವವನಿಗೆ ಬೇಕಾಗಿದ್ದದ್ದು ತತ್ತ್ವಮೀಮಾಂಸೆಯಲ್ಲ, ಸಲಹೆ. ಆದಕಾರಣ ಆ ವಿಮರ್ಶೆಗಳಲ್ಲಿ ಸಂಗೀತದೊಡನೆ ತಟ್ಟೆಯ ಮೇಲ್ಮೈಯ ಕರಕರ ಸದ್ದು, ಉಕ್ಕಿನ ಮುಳ್ಳು ಲೇಸೋ ಬಿದಿರಿನ ಮುಳ್ಳು ಲೇಸೋ ಎಂಬ ವಿಚಾರ, ಕೃತಿಯಲ್ಲಿ ಎಷ್ಟು ಭಾಗವನ್ನು ಕತ್ತರಿಸಿದ್ದಾರೆಂಬ ದೂರು, ಇವೆಲ್ಲಕ್ಕೂ ಸ್ಥಾನವಿದ್ದಿತು. 1925ರಲ್ಲಿ ವಿದ್ಯುತ್ ಧ್ವನಿಮುದ್ರಣವು ಬಂದಾಗ ಮೆಕೆಂಜಿಗೆ ಅದು ಮೊದಮೊದಲು ರುಚಿಸಲಿಲ್ಲ. ಹಳೆಯ ಕೊಂಬಿನ ಧ್ವನಿಗೆ ಒಗ್ಗಿದ್ದ ಕಿವಿಗೆ ಹೊಸತು ಕರ್ಕಶವಾಗಿ ಕೇಳಿಸಿತು. ಕಾಲಕ್ರಮದಲ್ಲಿ ಅವನ ಅಭಿಪ್ರಾಯವು ಬದಲಾಯಿತು. ಬದಲಾದದ್ದು ತಟ್ಟೆಯೋ ಕಿವಿಯೋ ಎಂಬ ಪ್ರಶ್ನೆ ಈ ಚರಿತ್ರೆಯುದ್ದಕ್ಕೂ ನಮ್ಮನ್ನು ಹಿಂಬಾಲಿಸುತ್ತದೆ.

ನಕ್ಷತ್ರಗಳ ಪದ್ಧತಿಯು ಬೇರೂರಿದ್ದು ಅಮೆರಿಕದ ಜಾಜ್ ಪತ್ರಿಕೆಗಳಲ್ಲಿ. 1934ರಲ್ಲಿ ಷಿಕಾಗೊವಿನಲ್ಲಿ ಹುಟ್ಟಿದ 'ಡೌನ್ ಬೀಟ್' ಪತ್ರಿಕೆಯು 1960ರ ಹೊತ್ತಿಗೆ ಪ್ರತಿಯೊಂದು ತಟ್ಟೆಗೂ ಒಂದರಿಂದ ಐದು ನಕ್ಷತ್ರಗಳವರೆಗೆ ಕೊಡುತ್ತಿತ್ತು. ಈ ಅಳತೆಗೋಲು ಎಲ್ಲಿ ಮುರಿಯುತ್ತದೆಂಬುದನ್ನು ತೋರಿಸುವ ಪ್ರಸಂಗವೊಂದು ಆ ಪತ್ರಿಕೆಯಲ್ಲಿಯೇ ದೊರೆಯುತ್ತದೆ. ಅದನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ.

ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರು 1960ರ ಡಿಸೆಂಬರ್ 21ರಂದು ಎಂಟು ಮಂದಿ ವಾದಕರನ್ನು ನಾಲ್ವರಂತೆ ಎರಡು ತಂಡಗಳಾಗಿ ಕೂರಿಸಿ, ಎರಡು ತಂಡಗಳೂ ಏಕಕಾಲದಲ್ಲಿ ನುಡಿಸುವಂತೆ ಮಾಡಿ ಸುಮಾರು 37 ನಿಮಿಷಗಳ ವಾದನವೊಂದನ್ನು ಮುದ್ರಿಸಿದರು. ಸ್ಟೀರಿಯೊದಲ್ಲಿ ಕೇಳುವವನಿಗೆ ಒಂದು ತಂಡ ಎಡಗಿವಿಗೂ ಇನ್ನೊಂದು ಬಲಗಿವಿಗೂ ಕೇಳಿಸುತ್ತದೆ. ಸ್ವರಸಂಗತಿಗಳ ಪೂರ್ವನಿಶ್ಚಿತ ಚೌಕಟ್ಟನ್ನು ವಾದಕರು ಅನುಸರಿಸುವುದಿಲ್ಲ. 1961ರಲ್ಲಿ 'ಫ್ರೀ ಜಾಜ್' ಎಂಬ ಹೆಸರಿನಿಂದ ಇದು ಹೊರಬಂದಿತು. ಡೌನ್ ಬೀಟ್ 1962ರ ಜನವರಿ 18ರ ಸಂಚಿಕೆಯಲ್ಲಿ ಒಬ್ಬರಿಗೆ ಬದಲಾಗಿ ಇಬ್ಬರು ವಿಮರ್ಶಕರಿಂದ ಇದರ ವಿಮರ್ಶೆಯನ್ನು ಬರೆಯಿಸಿ ಪ್ರಕಟಿಸಿತು. ಪೀಟ್ ವೆಲ್ಡಿಂಗ್ ಐದು ನಕ್ಷತ್ರಗಳನ್ನು ಕೊಟ್ಟರು. ಜಾನ್ ಟೈನನ್ ಒಂದನ್ನೂ ಕೊಡಲಿಲ್ಲ.

ಈ ಎರಡರ ಸರಾಸರಿಯು ಎರಡೂವರೆ ನಕ್ಷತ್ರ, ಎಂದರೆ ಒಂದು ಸಾಧಾರಣ ತಟ್ಟೆ. ಇಬ್ಬರಲ್ಲಿ ಯಾರೊಬ್ಬರೂ ಅದನ್ನು ಸಾಧಾರಣವೆಂದು ಭಾವಿಸಿರಲಿಲ್ಲವೆಂಬುದು ನಿಶ್ಚಿತವಾದ ಸಂಗತಿ. ಒಬ್ಬರು ಅದನ್ನು ಜಾಜ್ ಸಂಗೀತದ ಮುಂದಿನ ಹೆಜ್ಜೆಯಾಗಿ ಕೇಳಿದರು. ಇನ್ನೊಬ್ಬರಿಗೆ ಅದು ಸಂಗೀತದ ವಿಘಟನೆಯಾಗಿ ಕೇಳಿಸಿತು. ಟೈನನ್ ಅವರನ್ನು ಅರಸಿಕರೆಂದು ತಳ್ಳಿಹಾಕುವುದು ಇಂದು ಸುಲಭ. ಆದರೆ ಚರಿತ್ರಕಾರನಿಗೆ ಅದು ಸಲ್ಲದು. ಅವರು ಆಕಸ್ಮಿಕವಾಗಿ ಹೀಗೆ ಬರೆದವರಲ್ಲ. 1961ರ ನವೆಂಬರಿನಲ್ಲಿಯೇ, ಹಾಲಿವುಡ್ಡಿನಲ್ಲಿ ಜಾನ್ ಕೋಲ್ಟ್ರೇನ್ ಮತ್ತು ಎರಿಕ್ ಡಾಲ್ಫಿ ಅವರ ವಾದನವನ್ನು ಕೇಳಿ, ಅದು ಜಾಜ್ ಅಲ್ಲ, ಜಾಜಿಗೆ ವಿರೋಧವಾದದ್ದು ಎಂಬ ಅರ್ಥದಲ್ಲಿ ಅದೇ ಪತ್ರಿಕೆಯಲ್ಲಿ ಬರೆದಿದ್ದರು. ಎರಿಕ್ ಡಾಲ್ಫಿ 'ಫ್ರೀ ಜಾಜ್' ತಟ್ಟೆಯಲ್ಲಿಯೂ ನುಡಿಸಿದ್ದಾರೆಂಬುದು ಇಲ್ಲಿ ಗಮನಾರ್ಹ. ತಾಳದ ತೂಗು ಮತ್ತು ಸ್ವರಸಂಗತಿಯ ಕಟ್ಟು ಇವೆರಡೂ ಇಲ್ಲದಿದ್ದರೆ ಜಾಜ್ ಉಳಿಯುವುದೆ ಎಂಬುದು ಟೈನನ್ ಪಕ್ಷದವರ ಪ್ರಾಮಾಣಿಕವಾದ ಪ್ರಶ್ನೆಯಾಗಿತ್ತು. ಅವರು ಕೊಟ್ಟ ಶೂನ್ಯವು ಆ ಪ್ರಶ್ನೆಯ ಸಂಕ್ಷಿಪ್ತ ರೂಪ.

ಆಪಾದನೆಗೆ ಗುರಿಯಾದವರ ಉತ್ತರವೂ ಉಳಿದುಬಂದಿರುವುದು ನಮ್ಮ ಭಾಗ್ಯ. 1962ರ ಏಪ್ರಿಲ್ 12ರ ಸಂಚಿಕೆಯಲ್ಲಿ ಸಂಪಾದಕ ಡಾನ್ ಡಿಮೈಕೆಲ್ ಅವರು ಕೋಲ್ಟ್ರೇನ್ ಮತ್ತು ಡಾಲ್ಫಿ ಅವರೊಡನೆ ನಡೆಸಿದ ಸಂಭಾಷಣೆಯನ್ನು ಪ್ರಕಟಿಸಿದರು. ವಿಮರ್ಶಕನು ಅನೇಕರ ಅಭಿಪ್ರಾಯವನ್ನು ತಿದ್ದುವವನು; ತನಗೆ ತಿಳಿಯದ ಹೊಸದೊಂದು ನಡೆದಿದ್ದರೆ ವಾದಕನನ್ನೇ ಕೇಳಬೇಕು ಎಂಬುದು ಡಾಲ್ಫಿ ಅವರ ಮಾತಿನ ಸಾರ. ಸಮಂಜಸವಾದ ಮಾತೇ, ಆದರೆ ನಕ್ಷತ್ರಗಳ ಅಂಕಣದಲ್ಲಿ ಆ ಬಗೆಯ ವಿಚಾರಣೆಗೆ ಸ್ಥಳವಿರಲಿಲ್ಲ. ಮೂರೇ ವರ್ಷಗಳ ತರುವಾಯ, 1965ರಲ್ಲಿ, ಅದೇ ಪತ್ರಿಕೆಯ ಓದುಗರು ಕೋಲ್ಟ್ರೇನ್ ಅವರನ್ನು ಕೀರ್ತಿಶಾಲಿಗಳ ಪಂಕ್ತಿಗೆ ಆರಿಸಿದರು. ಕೋಲ್ಮನ್ ಅವರಿಗೆ 2007ರಲ್ಲಿ ಸಂಗೀತಕ್ಕಾಗಿ ಪುಲಿಟ್ಜರ್ ಬಹುಮಾನವು ಸಂದಿತು.

ನಕ್ಷತ್ರಗಳಿಗೆ ಬದಲಾಗಿ ಅಕ್ಷರಗಳನ್ನು ಬಳಸಿದವರು ರಾಬರ್ಟ್ ಕ್ರಿಸ್ಟ್‌ಗೌ. 1969ರಲ್ಲಿ ನ್ಯೂಯಾರ್ಕಿನ 'ವಿಲೇಜ್ ವಾಯ್ಸ್' ಪತ್ರಿಕೆಯಲ್ಲಿ ಅವರು 'ಕನ್ಸ್ಯೂಮರ್ ಗೈಡ್' ಎಂಬ ಅಂಕಣವನ್ನು ತೆರೆದು, ಒಂದೊಂದು ಆಲ್ಬಂ ಕುರಿತು ಕೆಲವೇ ಸಾಲುಗಳನ್ನು ಬರೆದು, ಎ ಪ್ಲಸ್‌ನಿಂದ ಇ ಮೈನಸ್‌ವರೆಗಿನ ಒಂದು ದರ್ಜೆಯನ್ನು ಕೊಡತೊಡಗಿದರು. ರಾಕ್ ಸಂಗೀತವು ವ್ಯಾಪಾರಕ್ಕೆ ಹೊರತಾದದ್ದೆಂದು ಯುವಜನರು ನಂಬಿದ್ದ ಕಾಲವದು. ಆ ನಂಬಿಕೆಯನ್ನು ಕೆಣಕುವ ಉದ್ದೇಶವೂ ಅಂಕಣದ ಹೆಸರಿನಲ್ಲಿದ್ದಿತು. ದರ್ಜೆಗಳು ಬಂದದ್ದು ಕಾಲೇಜಿನಿಂದ. ಗಾಯಕ ಲೂ ರೀಡ್ 1978ರ 'ಟೇಕ್ ನೋ ಪ್ರಿಸನರ್ಸ್' ಎಂಬ ಆಲ್ಬಂನಲ್ಲಿ, ವರ್ಷವಿಡೀ ದುಡಿದವನಿಗೆ ಬಿ ಪ್ಲಸ್ ಕೊಡುವ ಈ ವಿಮರ್ಶಕನನ್ನು ವೇದಿಕೆಯ ಮೇಲಿನಿಂದಲೇ ಬೈದರು. ತಮ್ಮ ಹೆಸರನ್ನು ಸರಿಯಾಗಿ ಉಚ್ಚರಿಸಿದ್ದಕ್ಕಾಗಿ ಕ್ರಿಸ್ಟ್‌ಗೌ ವಂದನೆಗಳನ್ನು ಹೇಳಿ, ಆ ಆಲ್ಬಂಗೆ ಸಿ ಪ್ಲಸ್ ಕೊಟ್ಟರು. ಉತ್ತರಪತ್ರಿಕೆಗಳನ್ನು ನೋಡುವ ನಮ್ಮಲ್ಲಿ ಹಲವರಿಗೆ ಇಬ್ಬರ ಮೇಲೂ ಸಹಾನುಭೂತಿ ಹುಟ್ಟಬಹುದು.

ಚರಿತ್ರಕಾರನ ದೃಷ್ಟಿಯಿಂದ ಇದಕ್ಕಿಂತ ಬೆಲೆಯುಳ್ಳದ್ದು 1981ರಲ್ಲಿ ಅವರು ಹೊರತಂದ, 1970ರ ದಶಕದ ಆಲ್ಬಂಗಳನ್ನು ಕುರಿತ ಗ್ರಂಥ. ಅದಕ್ಕಾಗಿ ಅವರು ಹಳೆಯ ಆಲ್ಬಂಗಳನ್ನು ಮತ್ತೆ ಕೇಳಿ ಹಲವು ದರ್ಜೆಗಳನ್ನು ತಿದ್ದಿದರು. ಒಂದೇ ಆಲ್ಬಂ, ಒಬ್ಬರೇ ವಿಮರ್ಶಕರು, ಎರಡು ತೀರ್ಪುಗಳು. ಆ ಗ್ರಂಥದಿಂದ ಒಂದು ದರ್ಜೆಯನ್ನು ಉದ್ಧರಿಸುವ ವಿದ್ಯಾರ್ಥಿಯು, ತಾನು ಆಲ್ಬಂ ಬಂದ ವರ್ಷದ ಮಾತನ್ನು ಹೇಳುತ್ತಿದ್ದಾನೋ 1981ರ ಮಾತನ್ನು ಹೇಳುತ್ತಿದ್ದಾನೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

2001ರಲ್ಲಿ ಪ್ರಾರಂಭವಾದ 'ಮೆಟಾಕ್ರಿಟಿಕ್' ಬೇರೆ ಬೇರೆ ಪತ್ರಿಕೆಗಳ ನಕ್ಷತ್ರ, ಅಕ್ಷರ, ಅಂಕಗಳನ್ನೆಲ್ಲ ನೂರರ ಅಳತೆಗೆ ಇಳಿಸಿ ಸರಾಸರಿಯನ್ನು ಕೊಡುತ್ತದೆ. ಕೆಲವು ಪತ್ರಿಕೆಗಳಿಗೆ ಹೆಚ್ಚು ತೂಕವುಂಟು. ಯಾವುದಕ್ಕೆ ಎಷ್ಟೆಂಬುದು ಗೋಪ್ಯ. ಆ ಕೋಷ್ಟಕದಂತೆ ಬಿ ಪ್ಲಸ್ ಎಂದರೆ 83. ಲೂ ರೀಡ್ ಅವಮಾನವೆಂದು ಬಗೆದ ದರ್ಜೆಯು ನಮ್ಮ ವಿಶ್ವವಿದ್ಯಾನಿಲಯಗಳ ಅಂಕಪಟ್ಟಿಯಲ್ಲಿ ಉನ್ನತ ದರ್ಜೆಯ ತೇರ್ಗಡೆಯಾಗಿ ಕಾಣುತ್ತದೆ! ಅಳತೆಯಿಂದ ಅಳತೆಗೆ ದಾಟುವಾಗ ಅಂಕಿಯು ಉಳಿದು ಅರ್ಥವು ಸೋರಿಹೋಗುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಕಂಡಿಲ್ಲ. ಕೋಲ್ಮನ್ ಅವರ ತಟ್ಟೆಯ ಐದೂ ಶೂನ್ಯವೂ ಈ ಕೋಷ್ಟಕದೊಳಗೆ ಬಿದ್ದಿದ್ದರೆ 50 ಎಂಬ ಸಂಖ್ಯೆ ಹೊರಬರುತ್ತಿತ್ತು, ವಾದವಿವಾದದ ಸುಳಿವೇ ಉಳಿಯುತ್ತಿರಲಿಲ್ಲ.

ಹತ್ತು ಅಂಕಗಳನ್ನು ದಶಾಂಶದವರೆಗೆ ಸೀಳಿ ಕೊಡುವ 'ಪಿಚ್‌ಫೋರ್ಕ್' 1990ರ ದಶಕದ ನಡುವಿನಲ್ಲಿ ಹುಟ್ಟಿತು. 7.8ಕ್ಕೂ 7.9ಕ್ಕೂ ಇರುವ ಅಂತರವನ್ನು ಯಾವ ಕಿವಿ ಕೇಳೀತೆಂದು ನಾವು ಅರಿಯೆವು. 2004ರಲ್ಲಿ ಅದು ಟ್ರಾವಿಸ್ ಮಾರಿಸನ್ ಅವರ 'ಟ್ರಾವಿಸ್ತಾನ್' ಎಂಬ ಆಲ್ಬಂಗೆ 0.0 ಕೊಟ್ಟಿತು. 2021ರ ಅಕ್ಟೋಬರಿನಲ್ಲಿ, ತನ್ನ ಇಪ್ಪತ್ತೈದನೆಯ ವರ್ಷದ ನಿಮಿತ್ತ, ತಾನೇ ಹಿಂದೆ ಅಂಕ ಕೊಟ್ಟಿದ್ದ 19 ಆಲ್ಬಂಗಳಿಗೆ ಹೊಸ ಅಂಕಗಳನ್ನು ಪ್ರಕಟಿಸಿತು. ಕೆಲವು ಮೇಲೇರಿದವು, ಕೆಲವು ಕೆಳಗಿಳಿದವು. ಹಳೆಯ ವಿಮರ್ಶೆಗಳನ್ನು ಮಾತ್ರ ಅಳಿಸಲಿಲ್ಲ. ಎರಡು ಕಾಲದ ಎರಡು ಅಂಕಗಳೂ ಈಗ ಅಭ್ಯಾಸಿಗಳಿಗೆ ದೊರೆಯುತ್ತವೆ.