ಜೋಳ, ಅಕ್ಕಿ ಮತ್ತು ಎದೆಯ ದಿಗಿಲು

ತುರ್ವಿಹಾಳದ ಕಡೆಯ ಹಿರಿಯರನ್ನು ಊಟದ ಬಗ್ಗೆ ಮಾತಿಗೆಳೆದರೆ ಒಂದು ಮಾತು ತಪ್ಪದೆ ಬರುತ್ತದೆ. "ಜ್ವಾಳ ತಿಂತಿದ್ವಿ, ಗಟ್ಟಿ ಇದ್ವಿ. ಈ ಅನ್ನ ಬಂತು ನೋಡ್ರಿ, ಮಂದಿಗೆ ಇಲ್ಲದ ಚಿಂತಿ ಹತ್ತಿತು." ಈಗ ಊರೂರಿನಲ್ಲಿ ಎದೆ ಡವಡವ ಎನ್ನುವವರು, ರಾತ್ರಿ ನಿದ್ದೆ ಬಾರದವರು, ಕಾರಣವಿಲ್ಲದೆ ಕೈ ನಡುಗುತ್ತದೆ ಎನ್ನುವವರು ಸಿಗುತ್ತಾರೆ. ಇವರೆಲ್ಲ ಅನ್ನ ಉಣ್ಣುವವರು, ಇವರ ಅಜ್ಜ ಅಜ್ಜಿಯರು ರೊಟ್ಟಿ ಉಂಡವರು. ಹಾಗಾಗಿ ಈ ಲೆಕ್ಕ ಸರಿಯೆಂದೇ ತೋರುತ್ತದೆ. ಪೇಟೆಯ ಸಿರಿಧಾನ್ಯದ ಅಂಗಡಿಗಳೂ ಇದೇ ಲೆಕ್ಕವನ್ನು ನುಣ್ಣಗಿನ ಪೊಟ್ಟಣದಲ್ಲಿ ಕಟ್ಟಿ ಮಾರುತ್ತವೆ.

ಆ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದ ಅರ್ಧಕ್ಕೆ ಹೈದರಾಬಾದಿನ ಆಸ್ಪತ್ರೆಗಳ ಚರಿತ್ರೆಯನ್ನು ತೆರೆಯಬೇಕಾಗುತ್ತದೆ.

ಊಟಕ್ಕೂ ಮನಸ್ಸಿಗೂ ನಂಟಿದೆ ಎನ್ನುವುದು ಹೊಸ ಸುದ್ದಿಯಲ್ಲ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ಆರುಣಿ ತನ್ನ ಮಗ ಶ್ವೇತಕೇತುವಿಗೆ ಹದಿನೈದು ದಿನ ಬರೀ ನೀರು ಕುಡಿದು ಇರಲು ಹೇಳುತ್ತಾನೆ. ಆಮೇಲೆ ವೇದ ಹೇಳು ಎಂದರೆ ಹುಡುಗನಿಗೆ ಒಂದೂ ನೆನಪಾಗುವುದಿಲ್ಲ. ಉಂಡು ಬಂದ ಮೇಲೆ ಎಲ್ಲವೂ ಮರಳಿ ಬರುತ್ತದೆ. ಮನಸ್ಸು ಅನ್ನದಿಂದ ಆದದ್ದು ಎಂದು ತಂದೆ ತೋರಿಸಿಕೊಟ್ಟ ಬಗೆ ಅದು. ಉಪದೇಶಕ್ಕಿಂತ ಪ್ರಯೋಗವೇ ಇಲ್ಲಿ ಮುಂದಿದೆ. ಇಂಥದ್ದೇ ಪ್ರಯೋಗವನ್ನು ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಮಾಡಿದ. ಯುದ್ಧಕ್ಕೆ ಹೋಗಲು ಒಪ್ಪದ 36 ಯುವಕರು ತಾವಾಗಿಯೇ ಬಂದು ಆರು ತಿಂಗಳು ಅರೆಹೊಟ್ಟೆಯಲ್ಲಿ ಬದುಕಿದರು. ಮೈ ಸೊರಗಿದ್ದು ನಿರೀಕ್ಷಿಸಿದ್ದೇ. ಆದರೆ ಆರೋಗ್ಯವಂತರಾಗಿದ್ದ ಆ ಹುಡುಗರಲ್ಲಿ ಸಿಡುಕು, ಕಳವಳ, ಖಿನ್ನತೆ ಬೆಳೆದವು. ಅವರಿಗೆ ಸಾಲ ಇರಲಿಲ್ಲ, ಮಳೆಯ ಚಿಂತೆ ಇರಲಿಲ್ಲ. ಕಡಿಮೆಯಾದದ್ದು ಊಟ ಮಾತ್ರ.

ನಮ್ಮ ಸೀಮೆಗೆ ಬರೋಣ. ತುಂಗಭದ್ರೆಯ ಎಡದಂಡೆ ಕಾಲುವೆ ಬರುವ ಮುಂಚೆ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳದ್ದು ಮಳೆ ನಂಬಿದ ಬೇಸಾಯ. ಎರೆಭೂಮಿಯಲ್ಲಿ ಹಿಂಗಾರಿ ಜೋಳ, ಮಸಾರಿಯಲ್ಲಿ ಸಜ್ಜೆ, ನವಣೆ. ಇದ್ದವರ ಮನೆಯಲ್ಲಿ ನೆಲದೊಳಗಿನ ಹಗೇವು ತುಂಬಿರುತ್ತಿತ್ತು. ರೊಟ್ಟಿಯ ಜೊತೆ ತೊಗರಿಬೇಳೆ, ಪುಂಡಿಪಲ್ಯ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಮೊಸರು. "ಗಟ್ಟಿ ಇದ್ವಿ" ಎನ್ನುವ ನೆನಪು ಈ ತಾಟಿನದು. ಇಲ್ಲದವರ ತಾಟು ಬೇರೆ. ಕೂಲಿಯನ್ನು ಬಹಳ ಕಡೆ ಕಾಳಿನಲ್ಲೇ ಅಳೆದು ಕೊಡುತ್ತಿದ್ದರು. ಜೋಳ ಕೂಲಿಯಾಗಿ ಬಂದರೆ ಹೊಟ್ಟೆಗೂ ಜೋಳವೇ. ಬೆಳಿಗ್ಗೆ ಅಂಬಲಿ, ಮಧ್ಯಾಹ್ನ ರೊಟ್ಟಿ ಖಾರ, ರಾತ್ರಿ ನುಚ್ಚು. ಬೇಳೆ ಹಬ್ಬಕ್ಕೆ. ಹಾಲು ಮಾರಾಟಕ್ಕೆ. ಹಿರಿಯರ ನೆನಪಿನಲ್ಲಿ ಈ ಎರಡು ತಾಟುಗಳು ಒಂದೇ ಆಗಿಬಿಡುತ್ತವೆ, ಅದರಲ್ಲೂ ಮೊದಲನೆಯದನ್ನು ಉಂಡವರ ನೆನಪಿನಲ್ಲಿ.

ಎರಡನೆಯ ತಾಟಿನಿಂದ ಬರುವ ಕಾಯಿಲೆಗೆ ಯುರೋಪಿನಲ್ಲಿ ಮೊದಲೇ ಹೆಸರಿತ್ತು. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಮೆಕ್ಕೆಜೋಳವನ್ನೇ ತಿಂದು ಬದುಕುವ ಬಡ ರೈತರಲ್ಲಿ ಇದನ್ನು ಗುರುತಿಸಿದ. ಬಿಸಿಲು ಬೀಳುವ ಕತ್ತು, ಕೈ, ಕಾಲುಗಳ ಚರ್ಮ ಕಪ್ಪಾಗಿ ಒರಟಾಗಿ ಸುಲಿಯುತ್ತದೆ. ಕತ್ತಿನ ಸುತ್ತಲಿನ ಗುರುತಿಗೆ ಇಂದಿಗೂ ಕಸಾಲನ ಸರ ಎಂದೇ ಹೆಸರು. 1771ರಲ್ಲಿ ಇಟಲಿಯ ಫ್ರಾಪೊಲ್ಲಿ ಅದನ್ನು ಪೆಲ್ಲಾಗ್ರಾ ಎಂದು ಕರೆದ, ಒರಟು ಚರ್ಮ ಎಂಬರ್ಥದಲ್ಲಿ. ಚರ್ಮ, ಭೇದಿ, ಕೊನೆಗೆ ಬುದ್ಧಿಭ್ರಮೆ, ಸಾವು. ಆದರೆ ಇವೆಲ್ಲಕ್ಕೂ ಮುಂಚೆ ಎಷ್ಟೋ ರೋಗಿಗಳಲ್ಲಿ ಕಾಣಿಸಿಕೊಳ್ಳುವುದು ನಿದ್ದೆಗೇಡು, ಸಿಡುಕು, ಹೇಳಿಕೊಳ್ಳಲಾಗದ ಭಯ. ಚರ್ಮ ಸುಲಿಯುವ ತನಕ ಅದನ್ನು ಊಟದ ಕಾಯಿಲೆ ಎಂದು ಯಾರು ತಿಳಿದಾರು? ಮನೆಯವರು "ಏನೋ ತಲಿಗೆ ಹಚ್ಕೊಂಡಾನ" ಎಂದು ಸುಮ್ಮನಾಗುತ್ತಾರೆ.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹತ್ತಿ ಬೆಳೆಯುವ ಗೇಣಿದಾರರನ್ನು ಇದೇ ಕಾಯಿಲೆ ಕಾಡಿತು. ಇದು ಅಂಟುಜಾಡ್ಯ ಎಂದು ದೊಡ್ಡ ದೊಡ್ಡ ವೈದ್ಯರೇ ನಂಬಿದ್ದರು. 1914ರಲ್ಲಿ ಸರ್ಕಾರ ಕಳಿಸಿದ ಜೋಸೆಫ್ ಗೋಲ್ಡ್‌ಬರ್ಗರ್ ಮಾತ್ರ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ದಾದಿಯರಿಗೆ ಇದು ಏಕೆ ಬರುವುದಿಲ್ಲ ಎಂದು ಕೇಳಿದ. ರೋಗ ಅಂಟುವುದಿಲ್ಲ ಎಂದು ತೋರಿಸಲು 1916ರಲ್ಲಿ ಅವನೂ ಅವನ ಹೆಂಡತಿಯೂ ಗೆಳೆಯರೂ ರೋಗಿಗಳ ರಕ್ತವನ್ನು ಚುಚ್ಚಿಸಿಕೊಂಡರು. ಗೆಳೆಯರ ಜೊತೆ ಅವನು ರೋಗಿಗಳ ಚರ್ಮದ ಹೊಪ್ಪಳಿಕೆಯನ್ನು ಮಾತ್ರೆ ಮಾಡಿ ನುಂಗಿದ. ಓದುವಾಗ ಹೊಟ್ಟೆ ತೊಳಸುತ್ತದೆ, ಆದರೆ ಅವರಲ್ಲಿ ಯಾರಿಗೂ ಪೆಲ್ಲಾಗ್ರಾ ಬರಲಿಲ್ಲ. ಕಾರಣ ಬಡತನದ ಊಟ ಎಂದು ಅವನು ಹೇಳಿದ್ದು ಹತ್ತಿ ಸೀಮೆಯ ಯಜಮಾನರಿಗೆ ರುಚಿಸಲಿಲ್ಲ. 1937ರಲ್ಲಿ ಕಾನ್ರಾಡ್ ಎಲ್ವೆಜೆಮ್ ಕೊರತೆಯಾಗಿದ್ದ ವಸ್ತುವನ್ನು ಗುರುತಿಸಿದ. ಅದು ನಯಾಸಿನ್ ಎಂಬ ಬಿ ಜೀವಸತ್ವ. ಬೇಳೆ, ಹಾಲು, ಮೊಟ್ಟೆ, ಮಾಂಸಗಳಲ್ಲಿರುವ ಟ್ರಿಪ್ಟೋಫಾನ್ ಎಂಬ ಅಂಶದಿಂದ ಮೈ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂಬುದು ಆಮೇಲೆ ತಿಳಿಯಿತು. ಸುಮಾರು 60 ಮಿಲಿಗ್ರಾಂ ಟ್ರಿಪ್ಟೋಫಾನಿಗೆ 1 ಮಿಲಿಗ್ರಾಂ ನಯಾಸಿನ್. ಮಿದುಳು ಸೆರೊಟೋನಿನ್ ಮಾಡಿಕೊಳ್ಳುವುದೂ ಅದೇ ಟ್ರಿಪ್ಟೋಫಾನಿನಿಂದ. ಹೊಟ್ಟೆ ಮತ್ತು ಮನಸ್ಸಿನ ದಾರಿಗಳು ಇಲ್ಲಿ ಕೂಡುತ್ತವೆ.

ಹೀಗೆ ಪೆಲ್ಲಾಗ್ರಾ ಎಂದರೆ ಮೆಕ್ಕೆಜೋಳದವರ ಕಾಯಿಲೆ ಎಂದು ಜಗತ್ತು ನಂಬಿದ್ದಾಗ ದಖ್ಖನ್ನಿನ ಬಿಳಿಜೋಳದವರಲ್ಲೂ ಅದು ಇದೆ ಎಂದು ತೋರಿಸಿದವರು ಹೈದರಾಬಾದಿನ ಪೌಷ್ಟಿಕತೆಯ ಪ್ರಯೋಗಾಲಯದವರು. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಒಂದು ಕೋಣೆಯಲ್ಲಿ ಆರಂಭಿಸಿದ ಸಂಸ್ಥೆ ಅದು. 1958ರಲ್ಲಿ ಹೈದರಾಬಾದಿಗೆ ಬಂತು, 1969ರಲ್ಲಿ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯಾಯಿತು. ಅಷ್ಟು ಹೊತ್ತಿಗೆ ರಾಯಚೂರು ಜಿಲ್ಲೆ ನಿಜಾಮರ ರಾಜ್ಯದಿಂದ ಬಿಡಿಸಿಕೊಂಡು 1956ರಲ್ಲಿ ಮೈಸೂರು ರಾಜ್ಯ ಸೇರಿಯಾಗಿತ್ತು. ಗಡಿ ಬದಲಾದರೂ ನೆಲ ಅದೇ, ಊಟವೂ ಅದೇ.

ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ ಲೇಖನ ಈ ಕತೆಯ ನಡುಗಂಬ. ಮೆಕ್ಕೆಜೋಳದಲ್ಲಿ ಟ್ರಿಪ್ಟೋಫಾನ್ ಕಡಿಮೆ, ಸರಿ. ಬಿಳಿಜೋಳದಲ್ಲಿ ಅಷ್ಟೇನೂ ಕಡಿಮೆ ಇಲ್ಲ. ಆದರೂ ಜೋಳ ಉಣ್ಣುವ ಬಡವರಿಗೆ ಪೆಲ್ಲಾಗ್ರಾ, ಅನ್ನ ಉಣ್ಣುವ ಬಡವರಿಗೆ ಇಲ್ಲ. ಏಕೆ? ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಅತಿಯಾಗಿದೆ, ಅದು ನಯಾಸಿನ್ನಿನ ಲೆಕ್ಕವನ್ನು ಕೆಡಿಸುತ್ತದೆ ಎಂದು ಅವರು ವಾದಿಸಿದರು. ಈ ವಾದವನ್ನು ಎಲ್ಲರೂ ಒಪ್ಪಲಿಲ್ಲ, ಬೇರೆ ಪ್ರಯೋಗಾಲಯಗಳಲ್ಲಿ ಬೇರೆ ಬೇರೆ ಫಲಿತಾಂಶ ಬಂದವು. ಆದರೆ ಕಾಯಿಲೆ ಇತ್ತು ಎನ್ನುವುದರಲ್ಲಿ ಅನುಮಾನವಿರಲಿಲ್ಲ. 1968ರಲ್ಲಿ ಇದೇ ತಂಡ ಪೆಲ್ಲಾಗ್ರಾ ರೋಗಿಗಳ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿತು. 1970ರಲ್ಲಿ ಕಮಲಾ ಕೃಷ್ಣಸ್ವಾಮಿ ಮತ್ತು ರಮಣಮೂರ್ತಿ ಆ ರೋಗಿಗಳ ಮನಸ್ಸಿನ ಸ್ಥಿತಿಯನ್ನೂ ರಕ್ತದ ಸೆರೊಟೋನಿನ್ ಪ್ರಮಾಣವನ್ನೂ ಜೊತೆಗಿಟ್ಟು ನೋಡಿದರು. ಖಿನ್ನತೆಗೂ ಕಳವಳಕ್ಕೂ ಆಹಾರ ಕಾರಣವೇ ಎಂದು ಇಂದು ಪಶ್ಚಿಮದ ವಿಶ್ವವಿದ್ಯಾಲಯಗಳು ಕೇಳುತ್ತಿರುವ ಪ್ರಶ್ನೆಯನ್ನು ನಮ್ಮ ಜೋಳದ ಸೀಮೆಯ ಕೂಲಿಕಾರರನ್ನು ಮುಂದಿಟ್ಟುಕೊಂಡು ಐವತ್ತು ವರ್ಷಗಳ ಹಿಂದೆಯೇ ಕೇಳಿದ್ದರು. ಅದು ನಮ್ಮ ಪಠ್ಯಗಳಲ್ಲಿ ಇಲ್ಲದಿರುವುದು ನನಗೆ ಬೇಸರದ ಸಂಗತಿ.

ಚಿಕಿತ್ಸೆ ಮಾತ್ರ ಸರಳ. ನಯಾಸಿನ್ ಮಾತ್ರೆ ಮತ್ತು ಸರಿಯಾದ ಊಟ. ಮನಸ್ಸಿನ ಲಕ್ಷಣಗಳು ಕೆಲವೇ ದಿನಗಳಲ್ಲಿ ಇಳಿಯುತ್ತಿದ್ದವು.

ಇನ್ನು ಅಕ್ಕಿ. ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ನೀರು ಹರಿಯಿತು. ಎಡದಂಡೆ ಕಾಲುವೆಯ ಯೋಜನೆ ಹಾಕಿದವರ ಮನಸ್ಸಿನಲ್ಲಿ ಭತ್ತಕ್ಕೆ ಸಣ್ಣ ಪಾಲು ಮಾತ್ರ ಇತ್ತು. ಹೆಚ್ಚಿನ ನೆಲಕ್ಕೆ ಜೋಳ, ಶೇಂಗಾ, ಹತ್ತಿಯಂಥ ಅರೆನೀರಾವರಿ ಬೆಳೆ, ಬರದ ಸೀಮೆಯ ಆದಷ್ಟು ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು. ಕಾಗದದ ಮೇಲಿನ ಈ ನ್ಯಾಯ ಹೊಲದಲ್ಲಿ ನಿಲ್ಲಲಿಲ್ಲ. ಕರಾವಳಿ ಆಂಧ್ರದಿಂದ ಬಂದ ರೈತರು ಜಮೀನು ಕೊಂಡರು, ಕ್ಯಾಂಪುಗಳನ್ನು ಕಟ್ಟಿದರು, ಗದ್ದೆ ಮಾಡಿ ತೋರಿಸಿದರು. ಅವರನ್ನು ನೋಡಿ ನಮ್ಮವರೂ ನಾಟಿ ಹಚ್ಚಿದರು. ಮೇಲ್ಭಾಗದವರು ಭತ್ತಕ್ಕೆ ನೀರು ಹಿಡಿದರೆ ಕೊನೆಯ ಭಾಗದವರಿಗೆ ಮಣ್ಣು. ಸಿಂಧನೂರು ಭತ್ತದ ಕಣಜವಾದದ್ದು ಹೀಗೆ. ಕೂಲಿಯವರ ಮನೆಗೆ ಅನ್ನ ದಿನದ ಊಟವಾಗಿ ಬಂದದ್ದಕ್ಕೆ ಗದ್ದೆಯಷ್ಟೇ ನ್ಯಾಯಬೆಲೆ ಅಂಗಡಿಯೂ ಕಾರಣ. ಆಂಧ್ರದಲ್ಲಿ ಎನ್. ಟಿ. ರಾಮರಾವ್ 1983ರಲ್ಲಿ ಎರಡು ರೂಪಾಯಿಗೆ ಕಿಲೋ ಅಕ್ಕಿ ಕೊಟ್ಟರು, ಕರ್ನಾಟಕದಲ್ಲಿ 2013ರಲ್ಲಿ ಅನ್ನಭಾಗ್ಯ ಬಂತು.

ಹಿರಿಯರ ಮಾತು ಎಡವುವುದು ಇಲ್ಲಿ. ಅಕ್ಕಿ ಹರಡಿದಂತೆ, ಊಟದಲ್ಲಿ ಬೇರೆ ಪದಾರ್ಥಗಳು ಸೇರಿದಂತೆ ದಖ್ಖನ್ನಿನ ಪೆಲ್ಲಾಗ್ರಾ ಹಿಂದೆ ಸರಿಯಿತು. ಇಂದಿನ ಎಳೆಯ ವೈದ್ಯರಲ್ಲಿ ಬಹಳ ಮಂದಿ ಅದನ್ನು ಪುಸ್ತಕದಲ್ಲಷ್ಟೇ ನೋಡಿದ್ದಾರೆ. ಮನಸ್ಸನ್ನು ಕೆಡಿಸಿದ ಆಪಾದನೆ ಹೊತ್ತ ಅನ್ನವೇ ಬಡವರ ಮನಸ್ಸನ್ನು ಒಂದು ಕಾಯಿಲೆಯಿಂದ ಬಿಡಿಸುವುದರಲ್ಲಿ ಕೈಜೋಡಿಸಿತ್ತು.

ಹಾಗೆಂದು ಅನ್ನದ ಪಕ್ಷ ವಹಿಸಿ ಮಾತು ಮುಗಿಸಲಾರೆ. ಜೋಳದ ಹೊಲ ಎಂದರೆ ಜೋಳ ಒಂದೇ ಅಲ್ಲ. ಅಕ್ಕಡಿ ಸಾಲಿನಲ್ಲಿ ತೊಗರಿ, ಹೆಸರು, ಮಡಕಿ, ಅಂಚಿನಲ್ಲಿ ಪುಂಡಿ, ಗುರೆಳ್ಳು, ಅಗಸಿ, ನಡುವೆ ತಾನಾಗಿ ಹುಟ್ಟುವ ಹತ್ತಾರು ಸೊಪ್ಪು. ಕಳೆ ತೆಗೆಯಲು ಹೋದ ಹೆಣ್ಣುಮಕ್ಕಳ ಉಡಿಯಲ್ಲಿ ಸಂಜೆಯ ಪಲ್ಯ ಬರುತ್ತಿತ್ತು. ಗದ್ದೆಯಲ್ಲಿ ಇದಕ್ಕೆಲ್ಲ ಜಾಗವಿಲ್ಲ. ಕಳೆನಾಶಕ ಹೊಡೆದ ಬದುವಿನ ಸೊಪ್ಪನ್ನು ಯಾರು ತಿಂದಾರು? ಬೇಳೆ ಅಂಗಡಿಯಿಂದ ಬರಬೇಕು, ಸಾರು ತೆಳ್ಳಗಾಯಿತು. ಪಾಲಿಶ್ ಮಾಡಿದ ಅಕ್ಕಿ ತೌಡನ್ನು ಗಿರಣಿಯಲ್ಲೇ ಬಿಟ್ಟು ಬರುತ್ತದೆ, ಅದರ ಜೊತೆ ಬಿ ಜೀವಸತ್ವಗಳ ಬಹುಪಾಲೂ ಹೋಗುತ್ತದೆ. ಬೆಳಿಗ್ಗೆ ಬರೀ ಚಹಾ ಕುಡಿದು ನಾಟಿಗೆ ಹೋಗುವುದು ರೂಢಿಯಾಯಿತು.

ಈಗ ಎದೆ ಡವಡವ ಎಂದು ಬರುವ ಹೆಂಗಸಿನ ಮಾತು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 47.8ರಷ್ಟು ಜನರಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆಯಾದರೆ ಎದೆ ಹೊಡೆದುಕೊಳ್ಳುತ್ತದೆ, ಏದುಸಿರು ಬರುತ್ತದೆ, ಕಣ್ಣು ಕತ್ತಲೆ ಕಟ್ಟುತ್ತದೆ. ದಿಗಿಲಿಗೂ ಇವೇ ಲಕ್ಷಣ. ಊಟದ ಜೊತೆಗೇ ಕುಡಿದ ಚಹಾ ಆ ಊಟದ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಖಾಲಿ ಹೊಟ್ಟೆಯ ಚಹಾ ಡವಡವವನ್ನು ಇನ್ನಷ್ಟು ಏರಿಸುತ್ತದೆ. ಹಾಗಾಗಿ "ನಿಮಗೆ ಟೆನ್ಶನ್ ಆಗೇತಿ" ಎಂದು ಮಾತ್ರೆ ಬರೆಯುವ ಮುಂಚೆ ಒಂದು ಹಿಮೋಗ್ಲೋಬಿನ್ ಪರೀಕ್ಷೆ, ಅನುಮಾನವಿದ್ದರೆ ಬಿ12 ಮತ್ತು ಥೈರಾಯ್ಡ್ ನೋಡುವುದು ನ್ಯಾಯ. ಹೊತ್ತಿಗೆ ಸರಿಯಾದ ಊಟ, ದಿನವೂ ಬೇಳೆ ಅಥವಾ ಕಾಳು, ಸೊಪ್ಪು, ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು, ಕಡಿಮೆ ಚಹಾ. ಕಳವಳ ಇರುವವರಿಗೆ ಆಹಾರದ ಕಡೆಯಿಂದ ಆತ್ಮಸಾಕ್ಷಿಯಾಗಿ ಹೇಳಬಹುದಾದದ್ದು ಇಷ್ಟೇ. 2017ರಲ್ಲಿ ಆಸ್ಟ್ರೇಲಿಯಾದ ಫೆಲೀಸ್ ಜಾಕಾ ತಂಡ 67 ಜನರ ಮೇಲೆ ನಡೆಸಿದ 12 ವಾರಗಳ ಪ್ರಯೋಗದಲ್ಲಿ ಊಟ ಸುಧಾರಿಸಿದವರ ಖಿನ್ನತೆ ಗಮನಾರ್ಹವಾಗಿ ಇಳಿಯಿತು. ಆದರೆ ಅವರಲ್ಲಿ ಬಹುತೇಕರು ಬೇರೆ ಚಿಕಿತ್ಸೆಯನ್ನೂ ಪಡೆಯುತ್ತಿದ್ದರು ಎಂಬುದನ್ನು ಸಿರಿಧಾನ್ಯದ ಪೊಟ್ಟಣಗಳು ಹೇಳುವುದಿಲ್ಲ. ಕಾಲುವೆಯ ಕೊನೆಗೆ ನೀರು ಬಾರದ, ಸಾಲದ ಕಂತು ತುಂಬಬೇಕಾದ ರೈತನ ದಿಗಿಲು ನವಣೆ ಅನ್ನದಿಂದ ಹೋಗುವುದೂ ಇಲ್ಲ. ಅದಕ್ಕೆ ಮಾತಾಡುವ ಜನ ಬೇಕು, ವೈದ್ಯರು ಬೇಕು. ಹೊಳೆಯಾಚೆಯ ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲಿ ನಿಮ್ಹಾನ್ಸ್ ಆರಂಭಿಸಿದ ಪ್ರಯೋಗವೇ ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೇ ಮನಸ್ಸಿನ ಕಾಯಿಲೆ ಗುರುತಿಸುವ ತರಬೇತಿ ಕೊಡುವುದು ಅದರ ತಿರುಳು.

ಈಚಿನ ಅಧ್ಯಾಯ ಶಾಲೆಯದು. 2021ರ ಡಿಸೆಂಬರಿನಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ, ಬೀದರ್, ಕೊಪ್ಪಳ ಮುಂತಾದ ಏಳು ಜಿಲ್ಲೆಗಳ ಶಾಲಾಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡುವುದು ಆರಂಭವಾಯಿತು. ಬೇಡವಾದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು, ಎಷ್ಟೋ ಮಕ್ಕಳು ಮೊಟ್ಟೆಯೇ ಬೇಕೆಂದರು. ವಾದ ನಡೆದದ್ದೆಲ್ಲ ಧರ್ಮದ ಸುತ್ತ, ಆಯ್ಕೆಯ ಸುತ್ತ. ಒಂದು ಮೊಟ್ಟೆಯಲ್ಲಿ ಸುಮಾರು 75 ಮಿಲಿಗ್ರಾಂ ಟ್ರಿಪ್ಟೋಫಾನ್ ಇರುತ್ತದೆ ಎಂದಾಗಲಿ, ಇದೇ ಸೀಮೆಯ ಜೋಳದ ತಾಟಿನಲ್ಲಿ ಒಂದು ಕಾಲಕ್ಕೆ ಕೊರತೆ ಬಿದ್ದದ್ದು ಅದರ ಲೆಕ್ಕವೇ ಎಂದಾಗಲಿ ಆ ವಾದದಲ್ಲಿ ನಾನು ಎಲ್ಲೂ ಕೇಳಲಿಲ್ಲ.