ಚಿನ್ನದ ಬೆನ್ನಿಗೆ ಬಂದ ಪಾಷಾಣ

ತುಮಕೂರು ಜಿಲ್ಲೆಯ ಹೊಳವನಹಳ್ಳಿ ಕಡೆಯವರಿಗೆ ಚಿನ್ನದ ಗಣಿ ಎಂದರೆ ನೆನಪಾಗುವುದು ಕೋಲಾರ. ಆದರೆ ಹತ್ತಿರದ ಶಿರಾ ತಾಲ್ಲೂಕಿನ ಅಜ್ಜನಹಳ್ಳಿಯಲ್ಲೂ ಚಿನ್ನವಿದೆ. ಹಟ್ಟಿ ಚಿನ್ನದ ಗಣಿ ಕಂಪನಿ ಅಲ್ಲಿ ಅಗೆದು ಅದಿರು ತೆಗೆದಿದೆ. ಆ ಅದಿರಿನಲ್ಲಿ ಚಿನ್ನಕ್ಕೆ ಅಂಟಿಕೊಂಡೇ ಇರುವ ಖನಿಜಗಳಲ್ಲಿ ಆರ್ಸೆನೋಪೈರೈಟ್ ಒಂದು. ಕಬ್ಬಿಣ, ಗಂಧಕ, ಆರ್ಸೆನಿಕ್ ಮೂರೂ ಸೇರಿದ ಕಲ್ಲು ಅದು. ನೆಲದೊಳಗೆ ಇದ್ದಷ್ಟು ದಿನ ಅದರ ಪಾಡಿಗೆ ಅದು ಇರುತ್ತದೆ. ಪುಡಿಯಾಗಿ ಗಾಳಿ, ಮಳೆಗೆ ಸಿಕ್ಕಿತೋ, ಒಳಗಿನ ಪಾಷಾಣ, ಅಂದರೆ ಆರ್ಸೆನಿಕ್, ಹೊರಬೀಳುತ್ತದೆ.

ಅದರ ಫಲ ಏನೆಂದು ರಾಜ್ಯಕ್ಕೆ ತೋರಿಸಿದ್ದು ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ. ಹಿಂದೆ ಚಿನ್ನ ತೆಗೆದ ಮಂಗಳೂರು ಶಿಲಾಪಟ್ಟಿಯ ಸೀಮೆಯದು. ಇದು ಕರಾವಳಿಯ ಮಂಗಳೂರಲ್ಲ. ತಾಂಡಾದ ಜನರ ಅಂಗೈ, ಅಂಗಾಲುಗಳಲ್ಲಿ ಒರಟು ಗಂಟುಗಳೆದ್ದವು. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಪರೀಕ್ಷಿಸಿದ 59 ಕೊಳವೆಬಾವಿ ಮಾದರಿಗಳಲ್ಲಿ ಶೇಕಡ 79ರಷ್ಟು ಆರ್ಸೆನಿಕ್‌ಗಿರುವ ಲೀಟರಿಗೆ 10 ಮೈಕ್ರೋಗ್ರಾಂನ ಮಿತಿ ದಾಟಿದ್ದವು. ಒಂದರಲ್ಲಿ 303 ಇತ್ತು. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋಗೆ 2,000 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್. ಗಣಿಯ ಕಲ್ಲುಪುಡಿ ಮಣ್ಣಿಗೆ ಸೇರಿರಬಹುದೆಂದು ಸಂಶೋಧಕರು ಹೇಳಿದರು.

ನೀರನ್ನು ಬದಲಿಸಬಹುದು. ಮಣ್ಣನ್ನೇನು ಮಾಡುವುದು?

ಉತ್ತರದ ಎಳೆ ಸಿಕ್ಕಿದ್ದು ಅಮೆರಿಕದಲ್ಲಿ, ಅದರ ಬೇರು ಮಾತ್ರ ಭಾರತದ್ದು. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೋಂಟಿ ಕಾಮೇಶಂ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆಸಿ ಮರಕ್ಕೆ ಗೆದ್ದಲು ಹಿಡಿಯದಂತೆ ಕಾಯುವ ದ್ರಾವಣ ಕಂಡುಹಿಡಿದರು. ಆಸ್ಕು ಎಂಬ ಹೆಸರಿನಲ್ಲಿ ಅದು ದೇಶಗಳನ್ನು ಸುತ್ತಿತು. ಫ್ಲೋರಿಡಾದಲ್ಲಿ ಇಂಥ ದ್ರಾವಣ ಬಳಸುತ್ತಿದ್ದ, ಪಾಳುಬಿದ್ದ ಮರಸಂಸ್ಕರಣೆಯ ಜಾಗವೊಂದರಲ್ಲಿ ಜರೀಗಿಡವೊಂದು ಹುಲುಸಾಗಿ ಬೆಳೆದಿತ್ತು. ಫ್ಲೋರಿಡಾ ವಿಶ್ವವಿದ್ಯಾಲಯದ ಲೀನಾ ಮಾ ಮತ್ತು ಸಂಗಡಿಗರು 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದರ ಗುಟ್ಟು ಬಿಚ್ಚಿಟ್ಟರು: ಎಲೆಯ ಒಣತೂಕದಲ್ಲಿ ಶೇಕಡ 2ಕ್ಕೂ ಮಿಕ್ಕಿ ಆರ್ಸೆನಿಕ್!

ಆ ಗಿಡ ಟೆರಿಸ್ ವಿಟ್ಟಾಟಾ. ನಮ್ಮಲ್ಲಿ ಸುಣ್ಣಗಾರೆಯ ಹಳೆಗೋಡೆ, ಸೇದುಬಾವಿಯ ಕಲ್ಲುಸಂದುಗಳಲ್ಲಿ ತಾನಾಗಿ ಹುಟ್ಟುವಂಥದ್ದು. ನಡುದಂಟಿನ ಎರಡೂ ಕಡೆ ಏಣಿಮೆಟ್ಟಿಲಿನಂತೆ ಕಿರುಎಲೆಗಳು. ಮಗುಚಿ ನೋಡಿದರೆ ಅಂಚಿನುದ್ದಕ್ಕೂ ಕಂದು ಗೆರೆಯಾಗಿ ಬೀಜಕಗಳು. ಬೇರು ರಂಜಕವೆಂದೇ ಆರ್ಸೆನಿಕ್ಕನ್ನು ಹೀರಿಕೊಳ್ಳುತ್ತದೆ, ಗಿಡ ಅದನ್ನು ಎಲೆಗೆ ಸಾಗಿಸಿ ಜೀವಕೋಶದ ರಸದಾನಿಗಳಲ್ಲಿ ಕೂಡಿಹಾಕುತ್ತದೆ.

ಆದರೆ ಹಿಮ ಬಿದ್ದರೆ ಇದು ಬಾಡುತ್ತದೆ. ಹಾಗಾಗಿ ಚಳಿದೇಶದವರು ಅದೇ ಕುಲದ, ಚಳಿಯನ್ನು ಹೆಚ್ಚು ತಾಳುವ ಟೆರಿಸ್ ಕ್ರೆಟಿಕಾದತ್ತ ತಿರುಗಿದರು. ಮೊದಲ ಮಹಾಯುದ್ಧದ ರಾಸಾಯನಿಕ ಅಸ್ತ್ರಗಳ ಪ್ರಯೋಗದಿಂದ ಕೆಟ್ಟಿದ್ದ ವಾಷಿಂಗ್ಟನ್ನಿನ ಸ್ಪ್ರಿಂಗ್ ವ್ಯಾಲಿ ಬಡಾವಣೆಯ ಅಂಗಳಗಳಲ್ಲೂ ಜರೀಗಿಡ ನೆಟ್ಟು ನೋಡಿದರು.

ಸುರಪುರಕ್ಕೆ ಹಿಮದ ಭಯವಿಲ್ಲ, ಇರುವುದು ಬರದ ಭಯ. ಜರೀಗಿಡಕ್ಕೆ ತೇವ ಬೇಕು, ನೆರಳೂ ಇದ್ದರೆ ಒಳ್ಳೆಯದು. ಅದರ ಬೇರು ಮೇಲ್ಮಣ್ಣಿಗಿಂತ ಆಳಕ್ಕೆ ಹೆಚ್ಚು ಇಳಿಯುವುದಿಲ್ಲ. ಕಿಲೋಗೆ 2,000 ಮಿಲಿಗ್ರಾಂ ವಿಷವಿರುವ ನೆಲವನ್ನು ಇದೊಂದರಿಂದಲೇ ಶುದ್ಧಮಾಡಲು ಹೊರಟರೆ ತಲೆಮಾರುಗಳೇ ಹಿಡಿದಾವು. ಕೊಯ್ದ ಎಲೆಯೂ ವಿಷವೇ: ತಿಪ್ಪೆಗೆ ಹಾಕುವಂತಿಲ್ಲ, ಒಲೆಗೆ ಒಟ್ಟುವಂತಿಲ್ಲ, ಆಡು ಬಾಯಿ ಹಾಕದಂತೆ ಕಾಯಬೇಕು. ಅಲ್ಪಸ್ವಲ್ಪ ಕೆಟ್ಟ ಹಿತ್ತಲು, ತೋಟದ ಮಣ್ಣಿಗೆ ಜರೀಗಿಡ ಒದಗೀತು. ಗಣಿಯಿಂದ ನೊಂದ ತಾಂಡಾಗಳಿಗೆ ಮೊದಲು ತಲುಪಬೇಕಾದದ್ದು ಪರೀಕ್ಷೆ ಮಾಡಿದ ಕುಡಿಯುವ ನೀರು.